ಐನ್‌ಸ್ಟೈನ್‌ಗೆ ಕೆಲಸ ಕೊಡಿಸಿದ್ದು ಯಾರು?

1900ನೇ ಇಸವಿ, ಜುಲೈ ತಿಂಗಳು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಾಲಿಟೆಕ್ನಿಕ್‌ನಲ್ಲಿ ಫೈನಲ್ ಇಯರ್ ಪರೀಕ್ಷೆ ಮುಗಿದು ರಿಸಲ್ಟ್ ಬಂತು. ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರಾಗುವ ಡಿಪ್ಲೊಮಾಕ್ಕೆ ಕೂತಿದ್ದವರು ಐದೇ ಜನ. 6 ಅಂಕಕ್ಕೆ ಲೂಯಿ ಕೋಲ್‌ರೋಸ್ 5.45, ಮಾರ್ಸೆಲ್ ಗ್ರಾಸ್‌ಮನ್ 5.23, ಯಾಕೋಬ್ ಎಹ್ರಾಟ್ 5.14, ಆಲ್ಬರ್ಟ್ ಐನ್‌ಸ್ಟೈನ್ 4.91. ಐದನೆಯವಳು ಮಿಲೆವಾ ಮಾರಿಚ್, 4.00, ಫೇಲ್. ಅಂದರೆ ಪಾಸಾದ ನಾಲ್ವರಲ್ಲಿ ಐನ್‌ಸ್ಟೈನ್ ಕೊನೆಯವನು. ಮೊದಲ ಮೂವರಿಗೆ ಅದೇ ಕಾಲೇಜಿನಲ್ಲಿ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ನಾಲ್ಕನೆಯವನಿಗೆ ಸಿಗಲಿಲ್ಲ. ಕಾಯಂ ಆದಾಯ ಇರುವ ಒಂದು ಕೆಲಸ ಸಿಗೋಕೆ ಅವನಿಗೆ ಹೆಚ್ಚುಕಮ್ಮಿ ಎರಡು ವರ್ಷ ಹಿಡಿಯಿತು.

ಐನ್‌ಸ್ಟೈನ್ ಪೇಟೆಂಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ, ಅಲ್ಲೇ ಕೂತು ರಿಲೇಟಿವಿಟಿ ಕಂಡುಹಿಡಿದ ಅಂತ ನಮಗೆಲ್ಲ ಗೊತ್ತು. ಆ ಪೇಟೆಂಟ್ ಆಫೀಸಿಗೆ ಅವನು ಹೋಗಿ ಸೇರಿದ್ದು ಹೇಗೆ ಅನ್ನೋದು ಮಾತ್ರ ಯಾರೂ ಹೇಳಲ್ಲ. ಪ್ಲೇಸ್‌ಮೆಂಟ್ ಸೀಸನ್ ಬಂದಾಗ ನಮ್ಮ ಸೀನಿಯರ್‌ಗಳ ನಡುವೆ ಎರಡು ಪಂಗಡ ಆಗುತ್ತೆ. ಎಲ್ಲಾ ವಶೀಲಿ ಮೇಲೆ ನಡೆಯೋದು, ರೆಫರಲ್ ಇಲ್ಲದಿದ್ರೆ ರೆಸ್ಯೂಮೆ ಓದೋರೇ ಇಲ್ಲ ಅನ್ನೋರು ಒಂದು ಕಡೆ. ಬಿಡದೆ ಅಪ್ಲೈ ಮಾಡ್ತಾ ಇರು, ಒಂದಲ್ಲ ಒಂದು ದಿನ ಆಗುತ್ತೆ ಅನ್ನೋರು ಇನ್ನೊಂದು ಕಡೆ. ಈ ಎರಡೂ ಪಂಗಡದವರು 1900ರಿಂದ 1902ರವರೆಗಿನ ಐನ್‌ಸ್ಟೈನ್ ಕತೆ ಒಮ್ಮೆ ನೋಡಬೇಕು. (ಏಕವಚನದಲ್ಲೇ ಬರೀತೀನಿ. ಈ ಕತೆಯಲ್ಲಿ ಅವನ ವಯಸ್ಸು 21. ಕೂದಲು ಕೆದರಿಕೊಂಡ ಮುದುಕರ ಫೋಟೋ ಸ್ವಲ್ಪ ಹೊತ್ತು ಮರೆತುಬಿಡಿ.)

ಹುಟ್ಟಿದ್ದು 1879ರ ಮಾರ್ಚ್ 14, ಜರ್ಮನಿಯ ಉಲ್ಮ್ ಊರಲ್ಲಿ. ಬೆಳೆದದ್ದು ಮ್ಯೂನಿಕ್‌ನಲ್ಲಿ. ತಂದೆ ಹರ್ಮನ್ ಮತ್ತು ಚಿಕ್ಕಪ್ಪ ಯಾಕೋಬ್ ಸೇರಿ ಒಂದು ಎಲೆಕ್ಟ್ರಿಕಲ್ ಕಂಪನಿ ನಡೆಸುತ್ತಿದ್ದರು. ಡೈನಮೊ, ಮೀಟರ್, ಬೀದಿದೀಪ ಇಂಥದ್ದು. ದೊಡ್ಡ ಕಂಪನಿಗಳ ಮುಂದೆ ಟೆಂಡರ್ ಸೋತು, 1894ರಲ್ಲಿ ಅಂಗಡಿ ಎತ್ತಿಕೊಂಡು ಇಟಲಿಗೆ ಹೋದರು. ಅಲ್ಲೂ ವ್ಯಾಪಾರ ಕೈ ಹತ್ತಲಿಲ್ಲ. ಮನೆಯಲ್ಲಿ ದುಡ್ಡಿನ ತಾಪತ್ರಯ ಇತ್ತು ಅನ್ನೋದು ಮುಂದಿನ ಕತೆಗೆ ಬೇಕು, ಅದಕ್ಕೆ ಹೇಳಿದೆ. ಹುಡುಗ ಮ್ಯೂನಿಕ್‌ನ ಸ್ಕೂಲನ್ನು ಅರ್ಧಕ್ಕೆ ಬಿಟ್ಟು ಇಟಲಿಗೆ ಓಡಿದ. 1895ರಲ್ಲಿ ಜ್ಯೂರಿಕ್ ಪಾಲಿಟೆಕ್ನಿಕ್‌ನ ಎಂಟ್ರೆನ್ಸ್ ಬರೆದ, ಆಗ ಅವನಿಗೆ 16. ಗಣಿತ, ಫಿಸಿಕ್ಸ್ ಚೆನ್ನಾಗಿ ಮಾಡಿದ, ಉಳಿದ ವಿಷಯಗಳಲ್ಲಿ ಹೊಡೆತ. ಒಂದು ವರ್ಷ ಆರೌ ಎಂಬ ಊರಿನ ಶಾಲೆಯಲ್ಲಿ ಓದಿ, 1896ರ ಅಕ್ಟೋಬರ್‌ನಲ್ಲಿ ಪಾಲಿಟೆಕ್ನಿಕ್ ಸೇರಿಕೊಂಡ. ಜೆನೋವಾದ ಅತ್ತೆಯೊಬ್ಬರು ಖರ್ಚಿಗೆ ಅಂತ ತಿಂಗಳಿಗೆ 100 ಫ್ರಾಂಕ್ ಕಳಿಸುತ್ತಿದ್ದರು. ಅದರಲ್ಲಿ 20 ಫ್ರಾಂಕ್ ಅವನು ಎತ್ತಿಡುತ್ತಿದ್ದ, ಸ್ವಿಸ್ ಪೌರತ್ವದ ಫೀಸು ಕಟ್ಟೋಕೆ.

ಆ ಕಾಲೇಜಿನಲ್ಲಿ ಫಿಸಿಕ್ಸ್ ಅಂದ್ರೆ ಹೈನ್ರಿಕ್ ವೇಬರ್. ಎಂಟ್ರೆನ್ಸ್‌ನಲ್ಲಿ ಫೇಲಾದ ಹುಡುಗನ ಫಿಸಿಕ್ಸ್ ಪೇಪರ್ ನೋಡಿ ಖುಷಿಯಾಗಿ, ಜ್ಯೂರಿಕ್‌ನಲ್ಲೇ ಇದ್ದರೆ ನನ್ನ ಕ್ಲಾಸಿಗೆ ಬಂದು ಕೂರಬಹುದು ಅಂತ ಕರೆದಿದ್ದವರು ಅವರೇ. ಇಷ್ಟು ಒಳ್ಳೇ ಪರಿಚಯವನ್ನು ಐನ್‌ಸ್ಟೈನ್ ನಾಲ್ಕು ವರ್ಷದಲ್ಲಿ ಪೂರ್ತಿ ಹಾಳು ಮಾಡಿಕೊಂಡ. ವೇಬರ್ ಮ್ಯಾಕ್ಸ್‌ವೆಲ್‌ನ ಥಿಯರಿ ಪಾಠ ಮಾಡುತ್ತಿರಲಿಲ್ಲ. ನಾವು ಫಸ್ಟ್ ಇಯರ್ ಫಿಸಿಕ್ಸಲ್ಲೇ ಬಾಯಿಪಾಠ ಮಾಡುವ ಆ ಸಮೀಕರಣಗಳನ್ನು ಅವನು ರೂಮಲ್ಲಿ ಕೂತು ಸ್ವಂತ ಓದಿಕೊಂಡ, ಓದಿಕೊಂಡು ಮೇಷ್ಟ್ರ ಮೇಲೆ ಗೌರವ ಕಳೆದುಕೊಂಡ. ಎಲ್ಲರೂ ಹೆರ್ ಪ್ರೊಫೆಸರ್ ಅಂತ ಕರೆಯುವಾಗ ಇವನು ಬರೀ ಹೆರ್ ವೇಬರ್ ಅಂತ ಕರೆಯುತ್ತಿದ್ದ. ಇಲ್ಲಿ ನಾವು ಸರ್ ಬಿಟ್ಟು ಹೆಸರು ಹಿಡಿದು ಕೂಗಿದ ಹಾಗೆ ಅಂದುಕೊಳ್ಳಿ. ಇನ್ನೊಬ್ಬ ಪ್ರೊಫೆಸರ್ ಪೆರ್ನೆ ಅವರ ಲ್ಯಾಬಿಗೆ ಸರಿಯಾಗಿ ಹೋಗಲೇ ಇಲ್ಲ. 1899ರಲ್ಲಿ ಡೈರೆಕ್ಟರ್ ಕಡೆಯಿಂದ ಲಿಖಿತ ಎಚ್ಚರಿಕೆ ಬಂತು, ಲ್ಯಾಬಿನಲ್ಲಿ ಸಿಕ್ಕ ಮಾರ್ಕ್ಸ್ 6ಕ್ಕೆ 1. ಫೈನಲ್ ಇಯರ್‌ನಲ್ಲಿ ವೇಬರ್ ಸೇಡು ತೀರಿಸಿಕೊಂಡರೋ ಏನೋ, ಸರಿಯಾದ ಪೇಪರ್‌ನಲ್ಲಿ ಬರೆದಿಲ್ಲ ಅಂತ ಇಡೀ ಥೀಸಿಸ್ಸನ್ನು ಮತ್ತೆ ನಕಲು ಮಾಡಿಸಿದರು. ರೆಕಾರ್ಡ್ ಬುಕ್ ವಾಪಸ್ ಬರೋದು ಅಲ್ಲಿಂದಲೇ ಶುರುವಾಗಿರಬೇಕು.

ಆದರೆ ಅದೇ ನಾಲ್ಕು ವರ್ಷದಲ್ಲಿ ಇನ್ನೊಂದು ಕಡೆ ಬೇರೆ ಏನೋ ಬೆಳೆಯುತ್ತಿತ್ತು. ಕ್ಲಾಸ್‌ಮೇಟ್ ಮಾರ್ಸೆಲ್ ಗ್ರಾಸ್‌ಮನ್ ಐನ್‌ಸ್ಟೈನ್‌ಗೆ ಪೂರ್ತಿ ಉಲ್ಟಾ. ಪ್ರತಿ ಕ್ಲಾಸಿಗೂ ಹೋಗುವವನು, ಮುತ್ತಿನ ಹಾಗೆ ನೋಟ್ಸ್ ಬರೆಯುವವನು. ಆ ನೋಟ್ಸ್ ಈಗಲೂ ಜ್ಯೂರಿಕ್‌ನ ಅದೇ ಕಾಲೇಜಿನ ಲೈಬ್ರರಿಯಲ್ಲಿ ಇಟ್ಟಿದ್ದಾರೆ. ಪರೀಕ್ಷೆ ಹತ್ತಿರ ಬಂದಾಗ ಐನ್‌ಸ್ಟೈನ್ ಪಾಸಾಗುತ್ತಿದ್ದದ್ದು ಗ್ರಾಸ್‌ಮನ್‌ನ ನೋಟ್ಸ್ ಓದಿ. ವಾರಕ್ಕೊಮ್ಮೆ ಇಬ್ಬರೂ ಲಿಮ್ಮಾಟ್ ನದಿ ದಂಡೆಯ ಮೆಟ್ರೊಪೋಲ್ ಕೆಫೆಗೆ ಹೋಗಿ ಕೋಲ್ಡ್ ಕಾಫಿ ಕುಡಿಯುತ್ತಾ ಸಿಲಬಸ್ ಆಚೆಯದನ್ನೆಲ್ಲ ಮಾತಾಡುತ್ತಿದ್ದರು. ಈ ಹುಡುಗ ಒಂದು ದಿನ ದೊಡ್ಡ ಮನುಷ್ಯ ಆಗ್ತಾನೆ ಅಂತ ಗ್ರಾಸ್‌ಮನ್ ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳಿದ್ದನಂತೆ. ಇನ್ನೊಬ್ಬ ಸ್ನೇಹಿತ ಮಿಕೆಲೆ ಬೆಸ್ಸೊ, ಆರು ವರ್ಷ ದೊಡ್ಡವನು, ಮೆಕ್ಯಾನಿಕಲ್ ಇಂಜಿನಿಯರ್. ಒಂದು ಸಂಗೀತದ ಕೂಟದಲ್ಲಿ ಪರಿಚಯ ಆದವನು. ಐನ್‌ಸ್ಟೈನ್ ಪಿಟೀಲು ನುಡಿಸುತ್ತಿದ್ದನಲ್ಲ, ಹಾಗೆ. ಮತ್ತೆ ಮಿಲೆವಾ. ಸರ್ಬಿಯಾ ಮೂಲದವಳು, ಆ ಬ್ಯಾಚಿನ ಒಬ್ಬಳೇ ಹುಡುಗಿ, ಅವನ ಪ್ರೇಯಸಿ. ಇವರ ಯಾರ ಜೊತೆಯೂ ಮುಂದೆ ಕೆಲಸಕ್ಕೆ ಆಗುತ್ತಾರೆ ಅಂತ ಅವನು ಸ್ನೇಹ ಮಾಡಿರಲಿಲ್ಲ.

ರಿಸಲ್ಟ್ ಬಂದ ಮೇಲೆ ಐನ್‌ಸ್ಟೈನ್ ಮೊದಲು ವೇಬರ್ ಹತ್ತಿರ ಅಸಿಸ್ಟೆಂಟ್ ಆಗಬಹುದು ಅಂದುಕೊಂಡಿದ್ದ. ಇಷ್ಟೆಲ್ಲ ಆದ ಮೇಲೂ ಹಾಗೆ ಅಂದುಕೊಂಡಿದ್ದ ಅನ್ನೋದೇ ಆಶ್ಚರ್ಯ. ವೇಬರ್ ಫಿಸಿಕ್ಸ್ ಓದಿದ ಇವನನ್ನು ಬಿಟ್ಟು ಮೆಕ್ಯಾನಿಕಲ್‌ನವರು ಇಬ್ಬರನ್ನು ತೆಗೆದುಕೊಂಡರು. ಆಮೇಲೆ ಗಣಿತದ ಪ್ರೊಫೆಸರ್ ಹುರ್ವಿಟ್ಸ್ ಅವರಿಗೆ ಪತ್ರ ಬರೆದ. ಸಮಯ ಸಿಗದ ಕಾರಣ ನಿಮ್ಮ ಸೆಮಿನಾರ್‌ಗೆ ಬರಲಾಗಲಿಲ್ಲ ಅಂತ ಅದರಲ್ಲೇ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಅದೂ ಆಗಲಿಲ್ಲ. ಡಿಪ್ಲೊಮಾ ಮುಗಿದದ್ದರಿಂದ ಅತ್ತೆಯ 100 ಫ್ರಾಂಕ್ ಕೂಡ ನಿಂತಿತು. ಪುಡಿಗಾಸಿಗೆ ಟ್ಯೂಷನ್ ಹೇಳುತ್ತಾ ಡಿಸೆಂಬರ್ ಹೊತ್ತಿಗೆ ಕ್ಯಾಪಿಲರಿಟಿ ಮೇಲೆ ತನ್ನ ಮೊದಲ ಪೇಪರ್ ಬರೆದು ಆನಾಲೆನ್ ಡೆರ್ ಫಿಸಿಕ್ ಪತ್ರಿಕೆಗೆ ಕಳಿಸಿದ. 1901ರ ಫೆಬ್ರವರಿ 21ಕ್ಕೆ ಸ್ವಿಸ್ ಪೌರತ್ವ ಸಿಕ್ಕಿತು. ಮಿಲಿಟರಿಯವರು ಪರೀಕ್ಷೆ ಮಾಡಿ ಚಪ್ಪಟೆ ಪಾದ, ಉಬ್ಬಿದ ರಕ್ತನಾಳ ಅಂತ ಬೇಡ ಅಂದರು. ಆ ವರ್ಷ ಅವನಿಗೆ ಸಿಕ್ಕ ರಿಜೆಕ್ಷನ್‌ಗಳಲ್ಲಿ ಖುಷಿ ಕೊಟ್ಟದ್ದು ಬಹುಶಃ ಇದೊಂದೇ.

ಪೇಪರ್ ಅಚ್ಚಾದ ಮೇಲೆ ಅದರ ಪ್ರತಿಗಳನ್ನು ಹಿಡಿದುಕೊಂಡು ಐನ್‌ಸ್ಟೈನ್ ಶುರು ಮಾಡಿದ್ದನ್ನು ನಾವು ಈಗ ಕೋಲ್ಡ್ ಮೇಲ್ ಅಂತೀವಿ. 1901ರ ಮಾರ್ಚ್ 19ಕ್ಕೆ ಲೈಪ್‌ಜಿಗ್‌ನ ದೊಡ್ಡ ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರಿಗೆ ಬರೆದ. ಉತ್ತರ ಇಲ್ಲ. ಏಪ್ರಿಲ್ 3ಕ್ಕೆ ಮತ್ತೆ ಬರೆದ; ಹೋದ ಪತ್ರದಲ್ಲಿ ವಿಳಾಸ ಹಾಕಿದ್ದೆನೋ ಇಲ್ಲವೋ ನೆನಪಿಲ್ಲ ಅನ್ನೋದು ನೆಪ. ಫಾಲೋಅಪ್ ಮೇಲ್‌ಗೆ ನಾವು ಹುಡುಕುವ ನೆಪಗಳು ಇದಕ್ಕಿಂತ ಬೇರೆ ಏನಲ್ಲ. ಗಾಟಿಂಗನ್‌ನ ರೀಕೆ ಅವರಿಗೆ ಬರೆದ, ಆಗಲ್ಲ ಅಂತ ಬಂತು. ಏಪ್ರಿಲ್ 12ಕ್ಕೆ ಹಾಲೆಂಡಿನ ಲೈಡನ್‌ನಲ್ಲಿದ್ದ ಕಾಮರ್‌ಲಿಂಗ್ ಓನ್ಸ್ ಅವರಿಗೆ ಜೋಡಿ ಪೋಸ್ಟ್‌ಕಾರ್ಡ್ ಕಳಿಸಿದ. ಜೋಡಿ ಕಾರ್ಡ್ ಅಂದರೆ ಉತ್ತರ ಬರೆಯುವ ಅರ್ಧ ಭಾಗಕ್ಕೂ ಕಳಿಸುವವನೇ ಅಂಚೆ ದುಡ್ಡು ಕೊಟ್ಟಿರುತ್ತಾನೆ. ಓದಿದವರು ಹರಿದು, ಎರಡು ಸಾಲು ಗೀಚಿ, ಡಬ್ಬಕ್ಕೆ ಹಾಕಿದರೆ ಸಾಕು. ಓನ್ಸ್ ಅಷ್ಟೂ ಮಾಡಲಿಲ್ಲ. ಆ ಖಾಲಿ ಅರ್ಧ ಕಾರ್ಡ್ ಇವತ್ತಿಗೂ ಲೈಡನ್‌ನ ಬೂರ್ಹಾವೆ ಮ್ಯೂಸಿಯಮ್‌ನಲ್ಲಿ ಖಾಲಿಯಾಗೇ ಇದೆ. ಉತ್ತರ ಸಮುದ್ರದಿಂದ ಇಟಲಿಯ ತುದಿವರೆಗೂ ಒಬ್ಬ ಭೌತವಿಜ್ಞಾನಿಯನ್ನೂ ಬಿಡದೆ ಕೇಳಿ ಮುಗಿಸುತ್ತೇನೆ ಅಂತ ಆ ದಿನಗಳಲ್ಲಿ ಮಿಲೆವಾಗೆ ತಮಾಷೆ ಮಾಡಿ ಬರೆದ. ಒಳಗೊಳಗೆ ವೇಬರ್ ಎಲ್ಲ ಕಡೆ ತನ್ನ ಬಗ್ಗೆ ಕೆಟ್ಟ ಮಾತು ಹೇಳುತ್ತಿದ್ದಾರೆ ಅಂತ ಅವನಿಗೆ ಅನುಮಾನ. ಯಹೂದಿ ಅನ್ನೋದು ಜರ್ಮನ್ ಮಾತಾಡುವ ದೇಶಗಳಲ್ಲಿ ಅಡ್ಡ ಬರುತ್ತಿದೆ ಅನ್ನೋ ಅನುಮಾನವೂ ಇತ್ತು, ಅದಕ್ಕೇ ಇಟಲಿಯಲ್ಲೂ ನೋಡುತ್ತಿದ್ದ. ಅಲ್ಲಿ ಬೆಸ್ಸೊನ ಮಾವ ಒಬ್ಬರು ಮಿಲಾನ್‌ನಲ್ಲಿ ಗಣಿತದ ಪ್ರೊಫೆಸರ್; ಅವರ ಮೂಲಕ ಬೆಸ್ಸೊ ಪ್ರಯತ್ನಿಸಿದ. ಅದು ಒಳ್ಳೇ ಕಾಂಟ್ಯಾಕ್ಟ್, ಆದರೂ ಏನೂ ಆಗಲಿಲ್ಲ.

ಆಗ ಐನ್‌ಸ್ಟೈನ್ ಮಿಲಾನ್‌ನಲ್ಲಿ ಅಪ್ಪ ಅಮ್ಮನ ಮನೆಯಲ್ಲಿದ್ದ. ಕೆಲಸ ಇಲ್ಲದೆ ಮನೆಯಲ್ಲಿ ಕೂತ ಮಗನನ್ನು ದಿನಾ ನೋಡುತ್ತಿದ್ದ ಹರ್ಮನ್, ಏಪ್ರಿಲ್ 13ರಂದು ಅವನಿಗೆ ಹೇಳದೆ ಸೀದಾ ಓಸ್ಟ್‌ವಾಲ್ಡ್ ಅವರಿಗೆ ಒಂದು ಪತ್ರ ಬರೆದರು. ತಾವು ಯಾರೋ, ಆ ಪ್ರೊಫೆಸರ್ ಯಾರೋ. ಮಗನಿಗೆ 22 ವರ್ಷ, ಹೋದ ವರ್ಷ ಒಳ್ಳೇ ರೀತಿ ಡಿಪ್ಲೊಮಾ ಪಾಸಾಗಿದ್ದಾನೆ, ಕೆಲಸ ಸಿಗದೆ ತನ್ನ ದಾರಿಯೇ ತಪ್ಪಿತು ಅಂತ ಕೊರಗುತ್ತಿದ್ದಾನೆ, ಅನುಕೂಲ ಇಲ್ಲದ ನಮ್ಮ ಮೇಲೆ ಭಾರವಾಗಿದ್ದೀನಿ ಅನ್ನೋ ಸಂಕಟ ಅವನಿಗೆ. ಸಾಧ್ಯವಾದರೆ ಅವನ ಪೇಪರ್ ಓದಿ ಉತ್ಸಾಹ ಬರುವಂತೆ ಎರಡು ಮಾತು ಬರೆಯಿರಿ, ಒಂದು ಅಸಿಸ್ಟೆಂಟ್ ಕೆಲಸ ಕೊಡಿಸಿದರೆ ಇನ್ನೂ ಉಪಕಾರ, ಮತ್ತೆ ನಾನು ಹೀಗೆ ಬರೆದದ್ದು ಅವನಿಗೆ ಗೊತ್ತಿಲ್ಲ ಅನ್ನೋದು ಆ ಪತ್ರದ ತಾತ್ಪರ್ಯ. ವ್ಯಾಪಾರದಲ್ಲಿ ಸೋತು ಸೋತು ದಣಿದಿದ್ದ ಒಬ್ಬ ಅಪ್ಪ ಇದನ್ನು ಬರೆಯೋಕೆ ಎಷ್ಟು ಹೊತ್ತು ಪೆನ್ನು ಹಿಡಿದು ಕೂತಿದ್ದರೋ. ನಮ್ಮ ಅಪ್ಪಂದಿರು ಯಾವುದೋ ಮದುವೆಯಲ್ಲಿ ಸಿಕ್ಕವರ ಹತ್ತಿರ ನಮಗೆ ಗೊತ್ತಿಲ್ಲದ ಹಾಗೆ ನಮ್ಮ ಹುಡುಗನಿಗೆ ಏನಾದ್ರೂ ನೋಡಿ ಅಂತ ಕೇಳ್ತಾರಲ್ಲ, ಥೇಟ್ ಹಾಗೇ. ಗೊತ್ತಾದಾಗ ನಮಗೆ ಅವಮಾನ ಆಗುತ್ತೆ. ಅದನ್ನು ಕೇಳುವಾಗ ಅವರಿಗೆ ಏನಾಗಿತ್ತು ಅಂತ ನಾವು ಯೋಚನೆ ಮಾಡಲ್ಲ. ಓಸ್ಟ್‌ವಾಲ್ಡ್ ಉತ್ತರ ಬರೆದ ದಾಖಲೆ ಇಲ್ಲ.

ಮಾರನೇ ದಿನವೇ, ಏಪ್ರಿಲ್ 14ರಂದು, ಅದೇ ಮನೆಯಿಂದ ಮಗ ಇನ್ನೊಂದು ಪತ್ರ ಬರೆದ. ಅದು ಗ್ರಾಸ್‌ಮನ್‌ಗೆ ಧನ್ಯವಾದ ಹೇಳುವ ಪತ್ರ. ಗ್ರಾಸ್‌ಮನ್ ತನ್ನ ಕ್ಲಾಸ್‌ಮೇಟ್‌ನ ಪರಿಸ್ಥಿತಿಯನ್ನು ಮನೆಯಲ್ಲಿ ಹೇಳಿದ್ದ. ಅವನ ತಂದೆಯದ್ದು ಜ್ಯೂರಿಕ್ ಹತ್ತಿರದ ಥಾಲ್‌ವಿಲ್‌ನಲ್ಲಿ ಕೃಷಿ ಯಂತ್ರಗಳ ಫ್ಯಾಕ್ಟರಿ. ಬೆರ್ನ್‌ನಲ್ಲಿದ್ದ ಸ್ವಿಸ್ ಪೇಟೆಂಟ್ ಆಫೀಸಿನ ಡೈರೆಕ್ಟರ್ ಫ್ರೀಡ್ರಿಕ್ ಹಾಲರ್ ಅವರಿಗೆ ಸ್ನೇಹಿತರು. ಮಗನ ಮಾತು ನಂಬಿ ತಂದೆ ಹಾಲರ್ ಹತ್ತಿರ ಐನ್‌ಸ್ಟೈನ್ ಬಗ್ಗೆ ಒಂದು ಮಾತು ಹಾಕಿದರು. ಮುಂದೆ ಜಾಗ ಖಾಲಿಯಾದಾಗ ನೋಡೋಣ ಅನ್ನೋ ಮಟ್ಟಕ್ಕೆ ಅದು ಬಂತು.

ಇದು ವಶೀಲಿನಾ? ಹೌದು, ಸಂಶಯವೇ ಇಲ್ಲ. ಆದರೆ ಎಂಥ ವಶೀಲಿ ಅಂತ ನೋಡಬೇಕು. ಹಾಲರ್‌ಗೆ ಗೊತ್ತಿದ್ದದ್ದು ಗ್ರಾಸ್‌ಮನ್‌ನ ಅಪ್ಪ. ಅಪ್ಪನಿಗೆ ಗೊತ್ತಿದ್ದದ್ದು ಮಗ. ಮಗನೊಬ್ಬನಿಗೆ ಮಾತ್ರ ಐನ್‌ಸ್ಟೈನ್ ನಿಜವಾಗಲೂ ಏನು ಅಂತ ಗೊತ್ತಿತ್ತು, ಯಾಕಂದ್ರೆ ನಾಲ್ಕು ವರ್ಷ ಅವನ ಜೊತೆ ಕೂತು ಲೆಕ್ಕ ಮಾಡಿದ್ದ, ಜಗಳ ಆಡಿದ್ದ. ಓಸ್ಟ್‌ವಾಲ್ಡ್ ಕೈಯಲ್ಲಿ ಪೇಪರ್ ಇತ್ತು, ಆದರೆ ಈ ಹುಡುಗ ಹೀಗೆ ಅಂತ ಹೇಳುವ ಒಂದು ಬಾಯಿ ಇರಲಿಲ್ಲ. ಹೇಳಬೇಕಾಗಿದ್ದ ವೇಬರ್ ಬಾಯಿ ಮುಚ್ಚಿಕೊಂಡಿದ್ದರು, ಇಲ್ಲವೇ ಬೇರೇನೋ ಹೇಳುತ್ತಿದ್ದರು. ಇವತ್ತು ಲಿಂಕ್ಡ್‌ಇನ್‌ನಲ್ಲಿ ಗುರುತು ಪರಿಚಯ ಇಲ್ಲದ ಸೀನಿಯರ್‌ಗೆ ರೆಸ್ಯೂಮೆ ಕಳಿಸಿ ರೆಫರ್ ಮಾಡಿ ಅಂದ್ರೆ ನಡೆಯೋದು ಇದೇ. ಅವರ ಹತ್ತಿರ ನಮ್ಮ ಪಿಡಿಎಫ್ ಇರುತ್ತೆ, ನಮ್ಮ ಬಗ್ಗೆ ಹೇಳೋಕೆ ಏನೂ ಇರಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ವಶೀಲಿ ಪಂಗಡದವರು ಗೆದ್ದರು ಅನ್ನಬಹುದಿತ್ತು. ಆದರೆ ಹಾಲರ್ ಹತ್ತಿರ ಮಾತು ಹಾಕಿದ್ದು 1901ರ ಏಪ್ರಿಲ್‌ನಲ್ಲಿ, ಕೆಲಸ ಸಿಕ್ಕಿದ್ದು 1902ರ ಜೂನ್‌ನಲ್ಲಿ. ನಡುವೆ ಹದಿನಾಲ್ಕು ತಿಂಗಳು. ಸರ್ಕಾರಿ ಆಫೀಸು, ಜಾಗ ಖಾಲಿಯಾಗಬೇಕು, ಜಾಹೀರಾತು ಬರಬೇಕು. ಆ ಹದಿನಾಲ್ಕು ತಿಂಗಳು ಊಟ ಮಾಡಬೇಕಲ್ಲ. ಮೇ 15ರಿಂದ ಜುಲೈ 15ರವರೆಗೆ ವಿಂಟರ್‌ಥೂರ್‌ನ ಟೆಕ್ನಿಕಲ್ ಸ್ಕೂಲಿನಲ್ಲಿ ಮಿಲಿಟರಿ ಸೇವೆಗೆ ಹೋದ ಒಬ್ಬ ಮೇಷ್ಟ್ರ ಬದಲಿಗೆ ಪಾಠ ಮಾಡಿದ. ವಾರಕ್ಕೆ 30 ಗಂಟೆ ಕ್ಲಾಸು. ಅದರಲ್ಲಿ ಡಿಸ್ಕ್ರಿಪ್ಟಿವ್ ಜಿಯಾಮೆಟ್ರಿ ಕೂಡ, ಅಂದ್ರೆ ನಮ್ಮ ಇಂಜಿನಿಯರಿಂಗ್ ಡ್ರಾಯಿಂಗ್‌ನ ದೊಡ್ಡಣ್ಣ. ಪಾಠ ಹೇಳೋದು ತನಗೆ ಇಷ್ಟ ಅನ್ನೋದು ಅವನಿಗೆ ಅಲ್ಲಿ ಗೊತ್ತಾಯಿತಂತೆ. ಅದು ಮುಗಿದ ಮೇಲೆ ಮತ್ತೆ ಅಪ್ಲಿಕೇಶನ್‌ಗಳು. ಫ್ರೌಎನ್‌ಫೆಲ್ಡ್‌ನ ಒಂದು ಸ್ಕೂಲಿಗೆ ಹಾಕಿದ. ಆ ಕೆಲಸ ಗ್ರಾಸ್‌ಮನ್‌ಗೆ ಸಿಕ್ಕಿತು! ಐನ್‌ಸ್ಟೈನ್ ಅವನಿಗೆ ಅಭಿನಂದನೆ ಬರೆದ. ಹಾಲರ್ ಹತ್ತಿರ ಮಾತಾಡಿಸಿದ ಗೆಳೆಯನೇ ಇನ್ನೊಂದು ಕೆಲಸಕ್ಕೆ ಎದುರಾಳಿ. ಪ್ಲೇಸ್‌ಮೆಂಟ್‌ನಲ್ಲಿ ಒಂದೇ ರೂಮಿನ ಇಬ್ಬರು ಒಂದೇ ಕಂಪನಿಗೆ ಕೂತವರಿಗೆ ಇದು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಇವರ ಸ್ನೇಹ ಅದರಿಂದ ಕೆಡಲಿಲ್ಲ.

ಸೆಪ್ಟೆಂಬರ್‌ನಲ್ಲಿ ಷಾಫ್‌ಹೌಸೆನ್ ಊರಿನ ಒಂದು ಖಾಸಗಿ ಶಾಲೆಯಲ್ಲಿ ಒಬ್ಬ ಇಂಗ್ಲಿಷ್ ಹುಡುಗನಿಗೆ ಟ್ಯೂಟರ್ ಆದ. ಶಾಲೆ ನಡೆಸುವವರ ಜೊತೆ ಊಟದ ವಿಷಯಕ್ಕೆ ಜಟಾಪಟಿ ಆಗಿ, ಕೆಲವೇ ತಿಂಗಳಲ್ಲಿ ಅದೂ ಬಿಟ್ಟಿತು. ಅದಕ್ಕೆ ಸ್ವಲ್ಪ ಮುಂಚೆ, ಡಿಸೆಂಬರ್ 11ರಂದು, ಕೊನೆಗೂ ಪೇಟೆಂಟ್ ಆಫೀಸಿನ ಜಾಹೀರಾತು ಸರ್ಕಾರಿ ಗೆಜೆಟ್‌ನಲ್ಲಿ ಬಂದಿತ್ತು. ಬೇಕಾಗಿದ್ದದ್ದು ಎರಡನೇ ದರ್ಜೆಯ ಇಂಜಿನಿಯರ್. ಆದರೆ ಮೆಕ್ಯಾನಿಕಲ್ ಓದಿದವರು ಮಾತ್ರ ಅಲ್ಲ, ಫಿಸಿಕ್ಸ್ ಓದಿದವರೂ ಹಾಕಬಹುದು ಎಂಬ ಅರ್ಥ ಅದರಲ್ಲಿ ಇತ್ತು. ಒಂದು ವಾರದಲ್ಲಿ ಅವನು ಅರ್ಜಿ ಹಾಕಿದ.

ಈ ತಿಂಗಳುಗಳಲ್ಲೇ ಮಿಲೆವಾ ಕತೆ ಬೇರೆ ದಾರಿ ಹಿಡಿದಿತ್ತು. ಬೇಸಿಗೆಯಲ್ಲಿ ಅವಳು ಗರ್ಭಿಣಿ ಅಂತ ಗೊತ್ತಾಯಿತು. ಮದುವೆ ಆಗಿರಲಿಲ್ಲ. ಆ ಸ್ಥಿತಿಯಲ್ಲೇ ಜುಲೈನಲ್ಲಿ ಎರಡನೇ ಸಲ ಪರೀಕ್ಷೆ ಬರೆದಳು, ಮತ್ತೆ ಫೇಲ್. ತವರಿಗೆ ಹೋದಳು, 1902ರ ಆರಂಭದಲ್ಲಿ ಹೆಣ್ಣುಮಗು ಹುಟ್ಟಿತು. ಈ ಮಗುವಿನ ವಿಷಯ ಲೋಕಕ್ಕೆ ಗೊತ್ತಾಗಿದ್ದು 1980ರ ದಶಕದಲ್ಲಿ ಅವರ ಪತ್ರಗಳು ಸಿಕ್ಕಾಗ. ಐನ್‌ಸ್ಟೈನ್ ಸ್ಟ್ರಗಲ್ ಬಗ್ಗೆ ಸ್ಫೂರ್ತಿ ಕೊಡುವ ರೀಲ್ಸ್ ಬೇಕಾದಷ್ಟಿವೆ, ಅದರಲ್ಲಿ ಮಿಲೆವಾ ಇರಲ್ಲ. ಅದೇ ಕ್ಲಾಸು, ಅದೇ ಮೇಷ್ಟ್ರು, ಅದೇ ಪರೀಕ್ಷೆ. ಅವನು ಬಿಡದೆ ಊರೂರು ಅಲೆಯಬಹುದಿತ್ತು. ಅವಳಿಗೆ ಆ ಅವಕಾಶವೇ ಇರಲಿಲ್ಲ. ಅವಳಿಗಾಗಿ ಯಾವ ಡೈರೆಕ್ಟರ್ ಹತ್ತಿರವೂ ಯಾರ ಅಪ್ಪನೂ ಮಾತು ಹಾಕಲಿಲ್ಲ. ಪ್ರಯತ್ನ ಬಿಡಬೇಡಿ ಅಂತ ಹೇಳುವವರು, ಪ್ರಯತ್ನ ಮುಂದುವರಿಸೋಕೂ ಸ್ವಲ್ಪ ಸೌಕರ್ಯ ಬೇಕು ಅನ್ನೋದನ್ನು ಮರೆಯಬಾರದು.

1902ರ ಫೆಬ್ರವರಿಯಲ್ಲಿ, ಕೆಲಸದ ಆರ್ಡರ್ ಇಲ್ಲದೆಯೇ, ಐನ್‌ಸ್ಟೈನ್ ಬೆರ್ನ್‌ಗೆ ಹೋಗಿ ರೂಮು ಮಾಡಿದ. ಗಣಿತ, ಫಿಸಿಕ್ಸ್ ಟ್ಯೂಷನ್ ಹೇಳಿಕೊಡಲಾಗುವುದು, ಮೊದಲ ಕ್ಲಾಸ್ ಫ್ರೀ ಅಂತ ಊರಿನ ಪೇಪರ್‌ನಲ್ಲಿ ಜಾಹೀರಾತು ಕೊಟ್ಟ. ಅದನ್ನು ನೋಡಿ ಬಂದವನು ರೊಮೇನಿಯಾದ ಫಿಲಾಸಫಿ ವಿದ್ಯಾರ್ಥಿ ಮಾರಿಸ್ ಸೊಲೊವಿನ್. ಸ್ವಲ್ಪ ದಿನಕ್ಕೆ ಟ್ಯೂಷನ್ ಹೋಗಿ ಹರಟೆ ಉಳಿಯಿತು. ಕಾನ್ರಾಡ್ ಹಬಿಷ್ಟ್ ಕೂಡ ಸೇರಿಕೊಂಡು ಮೂವರೂ ಸಂಜೆ ಹೊತ್ತು ಪುಸ್ತಕ ಓದಿ ವಾದ ಮಾಡುವ ಕೂಟ ಕಟ್ಟಿ ಅದಕ್ಕೆ ಒಲಿಂಪಿಯಾ ಅಕಾಡೆಮಿ ಅಂತ ಹೆಸರಿಟ್ಟುಕೊಂಡರು. ಜೇಬಲ್ಲಿ ಕಾಸಿಲ್ಲ, ಕೂಟದ ಹೆಸರು ಮಾತ್ರ ಅಕಾಡೆಮಿ. ಹಾಸ್ಟೆಲ್ ವಾಟ್ಸಾಪ್ ಗ್ರೂಪ್‌ಗಳ ಹೆಸರು ನೆನಪಾಗುತ್ತೆ.

ಹಾಲರ್ ಅವನನ್ನು ಇಂಟರ್‌ವ್ಯೂ ಮಾಡಿದರು, ಎರಡು ಗಂಟೆಗೂ ಹೆಚ್ಚು. ಶಿಫಾರಸು ಇದೆ ಅಂತ ಸುಲಭದ ಪ್ರಶ್ನೆ ಕೇಳಲಿಲ್ಲ. ಅರ್ಜಿಗಳನ್ನು ಕೊಟ್ಟು ಏನನ್ನಿಸುತ್ತೆ ಹೇಳು ಅಂದರು. ಹುಡುಗನಿಗೆ ಟೆಕ್ನಿಕಲ್ ಜ್ಞಾನ ಸಾಲದು, ಮೆಷಿನ್ ಡ್ರಾಯಿಂಗ್ ಓದೋಕೆ ಬರಲ್ಲ ಅನ್ನೋದು ಗೊತ್ತಾಯಿತು. ಆದರೆ ಯೋಚನೆ ಮಾಡುವ ಕ್ರಮ ಹಿಡಿಸಿತು. ಜೂನ್ 16ಕ್ಕೆ ನೇಮಕ ಆಯಿತು. ಜಾಹೀರಾತಿನಲ್ಲಿದ್ದ ಎರಡನೇ ದರ್ಜೆ ಅಲ್ಲ, ಮೂರನೇ ದರ್ಜೆಯ ಟೆಕ್ನಿಕಲ್ ಎಕ್ಸ್‌ಪರ್ಟ್, ಅದೂ ತಾತ್ಕಾಲಿಕ. ವರ್ಷಕ್ಕೆ 3500 ಫ್ರಾಂಕ್. ಜೂನ್ 23, 1902ಕ್ಕೆ ಡ್ಯೂಟಿಗೆ ಸೇರಿದ. ಶಿಫಾರಸು ಅವನನ್ನು ಹಾಲರ್ ಎದುರಿನ ಕುರ್ಚಿಯವರೆಗೆ ಕರೆದುಕೊಂಡು ಹೋಯಿತು, ಅಷ್ಟೇ. ಅದೇ ಅಕ್ಟೋಬರ್‌ನಲ್ಲಿ ಹರ್ಮನ್ ಮಿಲಾನ್‌ನಲ್ಲಿ ತೀರಿಕೊಂಡರು. ಮಗ ಒಂದು ಆಫೀಸಿಗೆ ಹೋಗಿ ಕೂತದ್ದನ್ನು ಅವರು ನಾಲ್ಕು ತಿಂಗಳು ಕೂಡ ನೋಡಲಿಲ್ಲ. 1903ರ ಜನವರಿ 6ಕ್ಕೆ ಐನ್‌ಸ್ಟೈನ್, ಮಿಲೆವಾ ಮದುವೆ ಆಯಿತು.

ಗುಮಾಸ್ತ ಅನ್ನೋದು ಸರಿಯಾದ ಪದ ಅಲ್ಲ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ, ಬಂದ ಆವಿಷ್ಕಾರಗಳ ವಿವರಣೆ ಮತ್ತು ಡ್ರಾಯಿಂಗ್ ಓದಿ, ಇದು ನಿಜವಾಗಲೂ ಹೊಸದಾ, ಹೇಳಿದ್ದು ಸ್ಪಷ್ಟವಾಗಿದೆಯಾ ಅಂತ ನೋಡುವ ಕೆಲಸ. ಅರ್ಜಿದಾರ ಹೇಳಿದ್ದೆಲ್ಲ ತಪ್ಪು ಅಂದುಕೊಂಡೇ ಓದು ಅನ್ನೋದು ಹಾಲರ್ ಕಲಿಸಿದ ರೀತಿ. ಡೈನಮೊ ಮನೆಯಲ್ಲೇ ನೋಡಿ ಬೆಳೆದವನಿಗೆ ಎಲೆಕ್ಟ್ರಿಕಲ್ ಅರ್ಜಿಗಳು ಕಷ್ಟ ಆಗಲಿಲ್ಲ. ಮೆಕ್ಯಾನಿಕಲ್ ಕಲಿಯಬೇಕಾಯಿತು. 1904ರಲ್ಲಿ ಕೆಲಸ ಖಾಯಂ ಆಯಿತು, ಸಂಬಳ 3900. ಪ್ರಮೋಶನ್ ಮಾತ್ರ ಮೆಕ್ಯಾನಿಕಲ್ ಪೂರ್ತಿ ಬರುವವರೆಗೂ ಇಲ್ಲ ಅಂದರು ಹಾಲರ್. ಅದೇ ವರ್ಷ ಎರಡನೇ ದರ್ಜೆಯ ಜಾಗ ಖಾಲಿಯಾದಾಗ ಐನ್‌ಸ್ಟೈನ್ ಬೆಸ್ಸೊಗೆ ಸುದ್ದಿ ಮುಟ್ಟಿಸಿದ. ಬೆಸ್ಸೊ ಅರ್ಜಿ ಹಾಕಿ ಸೇರಿಕೊಂಡ, ಸುದ್ದಿ ಕೊಟ್ಟವನಿಗಿಂತ ಒಂದು ದರ್ಜೆ ಮೇಲೆ! ಇಬ್ಬರೂ ಆಫೀಸು ಮುಗಿಸಿ ಒಟ್ಟಿಗೆ ಮನೆಗೆ ನಡೆದು ಹೋಗುತ್ತಾ ಫಿಸಿಕ್ಸ್ ಮಾತಾಡುತ್ತಿದ್ದರು. 1905ರಲ್ಲಿ ಬೆಳಕಿನ ಕಣ, ಬ್ರೌನಿಯನ್ ಚಲನೆ, ರಿಲೇಟಿವಿಟಿ ಎಲ್ಲ ಸಾಲಾಗಿ ಬಂದಾಗ, ರಿಲೇಟಿವಿಟಿ ಪೇಪರ್‌ನ ಕೊನೆಯಲ್ಲಿ ಧನ್ಯವಾದ ಇದ್ದದ್ದು ಒಬ್ಬನಿಗೇ, ಬೆಸ್ಸೊಗೆ. ಅದೇ ವರ್ಷದ ಡಾಕ್ಟರೇಟ್ ಥೀಸಿಸ್ ಅರ್ಪಣೆ ಆಗಿದ್ದು ಗ್ರಾಸ್‌ಮನ್‌ಗೆ.

1905 ಆದ ಮೇಲೆ ಬಾಗಿಲು ತಾನಾಗೇ ತೆರೆದವು ಅಂತ ನಾನೂ ಅಂದುಕೊಂಡಿದ್ದೆ. ಇಲ್ಲ. 1907ರಲ್ಲಿ ಬೆರ್ನ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಅರ್ಹತೆಗೆ ಅರ್ಜಿ ಹಾಕಿದ, ಜೊತೆಗೆ 17 ಪೇಪರ್‌ಗಳು. ನಿಯಮದ ಪ್ರಕಾರ ಬೇಕಾದ ಹೊಸ ಪ್ರಬಂಧ ಇಟ್ಟಿಲ್ಲ ಅಂತ ಆಗಲಿಲ್ಲ; ಮರುವರ್ಷ ಅದನ್ನೂ ಬರೆದುಕೊಟ್ಟ ಮೇಲೆ ಆಯಿತು. 1908ರ ಜನವರಿಯಲ್ಲಿ ಜ್ಯೂರಿಕ್‌ನ ಒಂದು ಹೈಸ್ಕೂಲಿಗೆ ಗಣಿತದ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದ. 21 ಜನ ಹಾಕಿದ್ದರು, ಮೂವರನ್ನು ಆರಿಸಿದರು, ಅದರಲ್ಲಿ ಇವನ ಹೆಸರಿಲ್ಲ. ರಿಲೇಟಿವಿಟಿ ಬರೆದು ಎರಡೂವರೆ ವರ್ಷ ಆಗಿತ್ತು! ವಿಂಟರ್‌ಥೂರ್‌ನಲ್ಲಿ ಮೇಷ್ಟ್ರ ಕೆಲಸ ಕೇಳೋದು ಹೇಗೆ, ಯಾರನ್ನಾದರೂ ನೋಡಬೇಕಾ ಅಂತ ಮತ್ತೆ ಅದೇ ಗ್ರಾಸ್‌ಮನ್‌ಗೆ ಬರೆದು ಕೇಳಿದ.

1909ರಲ್ಲಿ ಜ್ಯೂರಿಕ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಹುದ್ದೆ ಬಂತು. ಅದಕ್ಕೆ ಇನ್ನೊಬ್ಬ ಅಭ್ಯರ್ಥಿ ಫ್ರೀಡ್ರಿಕ್ ಆಡ್ಲರ್, ಅವನ ಅಪ್ಪ ಆಸ್ಟ್ರಿಯಾದ ದೊಡ್ಡ ರಾಜಕಾರಣಿ. ತೀರ್ಮಾನ ಮಾಡುವವರಲ್ಲಿ ಆಡ್ಲರ್‌ನ ಪಕ್ಷದವರೂ ಇದ್ದರು, ಅವನಿಗೇ ಸಿಗುವ ಲಕ್ಷಣ ಇತ್ತು. ಐನ್‌ಸ್ಟೈನ್ ಸಿಗುವಾಗ ನನ್ನನ್ನು ತೆಗೆದುಕೊಳ್ಳುವುದು ಮೂರ್ಖತನ ಅನ್ನೋ ಅರ್ಥದಲ್ಲಿ ಆಡ್ಲರ್ ತಾನೇ ಹೇಳಿಬಿಟ್ಟ. ಏಳು ವರ್ಷದ ಮೇಲೆ ಐನ್‌ಸ್ಟೈನ್ ಪೇಟೆಂಟ್ ಆಫೀಸಿಗೆ ರಾಜೀನಾಮೆ ಕೊಟ್ಟ. ಆ ಜುಲೈನಲ್ಲಿ ಜಿನೀವಾ ಯೂನಿವರ್ಸಿಟಿ ಗೌರವ ಡಾಕ್ಟರೇಟ್ ಕೊಟ್ಟಾಗ ಅವನ ಜೊತೆ ಅದೇ ಗೌರವ ಪಡೆದವರಲ್ಲಿ ಓಸ್ಟ್‌ವಾಲ್ಡ್ ಕೂಡ ಇದ್ದರು. 1910ರ ನೊಬೆಲ್‌ಗೆ ಐನ್‌ಸ್ಟೈನ್ ಹೆಸರನ್ನು ಮೊಟ್ಟಮೊದಲು ಸೂಚಿಸಿದವರೂ ಅವರೇ. ಹರ್ಮನ್ ಬರೆದ ಪತ್ರಕ್ಕೆ ಉತ್ತರ ಅಂತ ಬೇಕಿದ್ದರೆ ಇದನ್ನೇ ಅನ್ನಬಹುದು, ಆದರೆ ಓದೋಕೆ ಹರ್ಮನ್ ಇರಲಿಲ್ಲ.

ಮುಂದಿನದು ನಿಮಗೆ ಗೊತ್ತಿರುವ ಕತೆ. 1911ರಲ್ಲಿ ಪ್ರಾಗ್. 1912ರಲ್ಲಿ ತನ್ನನ್ನು ಅಸಿಸ್ಟೆಂಟ್ ಆಗಿ ಕೂಡ ತೆಗೆದುಕೊಳ್ಳದ ಹಳೇ ಕಾಲೇಜಿಗೇ ಪ್ರೊಫೆಸರ್ ಆಗಿ ವಾಪಸ್. ಕರೆಸಿಕೊಳ್ಳುವುದರಲ್ಲಿ ಅಲ್ಲಿ ಆಗ ಗಣಿತ ಪ್ರೊಫೆಸರ್ ಆಗಿದ್ದ ಗ್ರಾಸ್‌ಮನ್ ಕೈ ಇತ್ತು. ಗುರುತ್ವಕ್ಕೆ ಬೇಕಾದ ಗಣಿತ ಗೊತ್ತಿಲ್ಲದೆ ಒದ್ದಾಡುತ್ತಿದ್ದಾಗ ರೀಮನ್ ಜಿಯಾಮೆಟ್ರಿ ಹುಡುಕಿ ಕೊಟ್ಟವನೂ ಅವನೇ. 1913ರಲ್ಲಿ ಇಬ್ಬರೂ ಸೇರಿ ಪೇಪರ್ ಬರೆದರು. ನೋಟ್ಸ್ ಕೊಡೋದು ಅವನು ಕೊನೆವರೆಗೂ ಬಿಡಲಿಲ್ಲ ಅನ್ನಿ. 1914ರಲ್ಲಿ ಐನ್‌ಸ್ಟೈನ್ ಬರ್ಲಿನ್‌ಗೆ ಹೋದ, 1915ರಲ್ಲಿ ಜನರಲ್ ರಿಲೇಟಿವಿಟಿ, 1919ರ ಗ್ರಹಣದ ನಂತರ ಜಗತ್ಪ್ರಸಿದ್ಧಿ, 1921ನೇ ಸಾಲಿನ ನೊಬೆಲ್. ಮಿಲೆವಾ ಜೊತೆಗಿನ ಮದುವೆ 1919ರಲ್ಲಿ ಮುರಿಯಿತು. 1933ರಲ್ಲಿ ಹಿಟ್ಲರ್‌ನಿಂದಾಗಿ ಜರ್ಮನಿ ಬಿಟ್ಟು ಅಮೆರಿಕದ ಪ್ರಿನ್ಸ್‌ಟನ್‌ಗೆ. ಗ್ರಾಸ್‌ಮನ್ 1936ರಲ್ಲಿ ತೀರಿಕೊಂಡ, ಬೆಸ್ಸೊ 1955ರ ಮಾರ್ಚ್‌ನಲ್ಲಿ, ಅದಾಗಿ ಒಂದು ತಿಂಗಳಿಗೆ, ಏಪ್ರಿಲ್ 18ಕ್ಕೆ, ಐನ್‌ಸ್ಟೈನ್.

ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ವಿಷಯ ಬಾಕಿ ಇದೆ. 1924ರ ಜೂನ್ 4ರಂದು ಢಾಕಾ ಯೂನಿವರ್ಸಿಟಿಯಲ್ಲಿ ರೀಡರ್ ಆಗಿದ್ದ ಸತ್ಯೇಂದ್ರನಾಥ ಬೋಸ್, ಗುರುತು ಪರಿಚಯ ಇಲ್ಲದ ಐನ್‌ಸ್ಟೈನ್‌ಗೆ ಬರ್ಲಿನ್‌ಗೆ ಒಂದು ಪತ್ರ ಬರೆದರು. ಜೊತೆಗೆ ಬ್ರಿಟನ್ನಿನ ಪತ್ರಿಕೆಯೊಂದು ಅಚ್ಚು ಹಾಕದ ತಮ್ಮ ಪೇಪರ್ ಇಟ್ಟಿದ್ದರು. ಪಕ್ಕಾ ಕೋಲ್ಡ್ ಮೇಲ್. ಐನ್‌ಸ್ಟೈನ್ ಓದಿದರು, ತಾವೇ ಕೂತು ಜರ್ಮನ್‌ಗೆ ಅನುವಾದ ಮಾಡಿದರು, ಪತ್ರಿಕೆಯಲ್ಲಿ ಹಾಕಿಸಿದರು, ಬೋಸ್‌ಗೆ ಒಂದು ಪೋಸ್ಟ್‌ಕಾರ್ಡ್ ಬರೆದರು. ಆ ಕಾರ್ಡ್ ತೋರಿಸಿದ್ದಕ್ಕೆ ಢಾಕಾದಲ್ಲಿ ಬೋಸ್‌ಗೆ ಯುರೋಪಿಗೆ ಹೋಗೋಕೆ ಎರಡು ವರ್ಷದ ರಜೆ ಸಿಕ್ಕಿತು. ಅದೇ ಕಾರ್ಡ್ ನೋಡಿ ಜರ್ಮನ್ ಕಾನ್ಸುಲೇಟ್‌ನವರು ವೀಸಾ ಫೀಸು ಕೂಡ ತಗೊಳ್ಳಲಿಲ್ಲ. ವಾಪಸ್ ಬಂದ ಮೇಲೆ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದಾಗ ಬೋಸ್ ಹತ್ತಿರ ಡಾಕ್ಟರೇಟ್ ಇರಲಿಲ್ಲ. ಶಿಫಾರಸು ಪತ್ರ ಬರೆದವರು ಐನ್‌ಸ್ಟೈನ್. ಕೆಲಸ ಆಯಿತು.